ಕೆಸರು ಸೆಟ್ಟಿನ ‘ಬುಡಿ’

ನಾವು ಬಾರಿಸುತ್ತಿದ್ದದ್ದು ಯಾವ ಸಂಗೀತ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ರೇಗುತ್ತದೆ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ? ಎಪ್ಪತ್ತರ ದಶಕದಲ್ಲಿ ನಾಲ್ಕೈದು ವರ್ಷ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಮದುವೆ ಚಪ್ಪರಗಳಲ್ಲಿ ಹಾರ್ಮೋನಿಯಂ, ಕರೆಂಟು ಗಿಟಾರು, ಟ್ರಂಪೆಟ್ಟು, ಕ್ಲಾರಿಯೋನೆಟ್ಟು, ತಮಟೆ ಇಷ್ಟನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದೆವು. ಕೇಳಿದವರಲ್ಲಿ ಕೆಲವರು ಸಿನಿಮಾ ಎಂದರು, ಕೆಲವರು ಇಂಗ್ಲಿಷ್ ಎಂದರು, ನಮ್ಮ ಸೋದರತ್ತೆ ಶನಿಕಾಟ ಎಂದರು. ಎಲ್ಲರೂ ಸರಿಯೇ ಇರಬಹುದು. ಈಗ ಕೆಲವರು ನನ್ನನ್ನು ಹಿಡಿದು ನಿಲ್ಲಿಸಿ, ‘ಆ ಖಾಲಿ ಏಟು ಕಂಡುಹಿಡಿದವರು ನೀವೇ ಅಂತೆ’ ಎಂದು ಹೊಗಳುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತದ್ದು. ಕಂಡುಹಿಡಿದವನು ನಾನಲ್ಲ. ನಾನು ತಪ್ಪಾಗಿ ಕೇಳಿಸಿಕೊಂಡವನು, ಅಷ್ಟೇ. ಅದೂ ಒಂದೇ ಸಲವಲ್ಲ.

ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿತ್ತು. ಅಪ್ಪ ಸಂಸ್ಕೃತ ಮೇಷ್ಟ್ರು. ನಾನು ಮಂಡ್ಯದ ಒಂದು ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಭಜನೆಗೆಂದು ಕಲಿತ ಹಾರ್ಮೋನಿಯಂ ಒಂದು ಬರುತ್ತಿತ್ತು. ಕಚೇರಿಯಲ್ಲಿ ನನ್ನ ಕೆಲಸವೆಂದರೆ ನಾಲೆಗೆ ನೀರು ಬಿಡಿ, ನೀರು ಬಿಡಬೇಡಿ, ಬಿಟ್ಟ ನೀರು ಎಲ್ಲಿ ಹೋಯಿತು ಎಂಬ ಕಾಗದಗಳನ್ನು ಕಟ್ಟು ಕಟ್ಟಿ ಇಡುವುದು. ಅಂಥ ಒಂದು ಅರ್ಜಿ ಹಿಡಿದುಕೊಂಡು ಕಿರುಗಾವಲಿನ ಕಡೆಯ ಹಳ್ಳಿಯಿಂದ ಒಬ್ಬ ನೀರುಗಂಟಿ ಬಂದರು. ನೀರುಗಂಟಿ ಎಂದರೆ ಊರಿನ ತೂಬು ಎತ್ತಿ ಇಳಿಸಿ ಗದ್ದೆ ಗದ್ದೆಗೂ ನೀರು ಹಂಚುವವರು. ಸಾಹೇಬರು ಬರುವುದು ತಡವಾಯಿತು. ಅವರು ಹೊರಗಿನ ಬೆಂಚಿನ ಮೇಲೆ ಕೂರದೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಂಚಿನ ಹಲಗೆಯನ್ನು ಎರಡು ಬೆರಳಲ್ಲಿ ಬಡಿಯುತ್ತಿದ್ದರು. ನಾನು ಬರೆಯುತ್ತಿದ್ದ ಕಾಗದ ಹಾಳಾಯಿತು. ಕಾಲು ತಾನಾಗಿ ಕುಣಿಯುತ್ತಿದ್ದರೆ ಕೈ ಹೇಗೆ ನೆಟ್ಟಗೆ ಬರೆಯುತ್ತದೆ?

‘ಏನಯ್ಯ ಅದು ನೀನು ಬಡಿತಿರೋದು?’ ಎಂದು ಕೇಳಿದೆ.

‘ತಪ್ಪಾಯ್ತು ಅಯ್ನೋರೆ, ನಿಲ್ಸುಬುಡ್ತೀನಿ’ ಎಂದರು.

‘ನಿಲ್ಲಿಸು ಅಂದವರು ಯಾರು?’

ಊರಲ್ಲಿ ತಮಟೆ ಬಾರಿಸುವವರು ಅವರೇ ಎಂದು ಆಗ ತಿಳಿಯಿತು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ಆಗ ಅವರನ್ನು ‘ನೀನು’ ಎನ್ನುತ್ತಿದ್ದೆ, ಅವರು ನನ್ನನ್ನು ‘ನೀವು’ ಎನ್ನುತ್ತಿದ್ದರು. ಈಗ ಬರೆಯುವಾಗ ‘ಅವರು’ ಎಂದು ಬರೆಯುತ್ತಿದ್ದೇನೆ. ಇದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂದು ಗೊತ್ತು.

ಮದ್ದೂರಿನಲ್ಲಿ ನನ್ನ ಸಹಪಾಠಿಯೊಬ್ಬ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಗದ್ದೆ ತೋಟ ಇದ್ದ ಗೌಡರ ಮನೆಯವನು. ಅಪ್ಪ ನೇಗಿಲು ಹಿಡಿ ಎಂದರೆ ಇವನು ಸ್ಕ್ರೂಡ್ರೈವರ್ ಹಿಡಿದ. ಒಂದು ಹಳೇ ಗಿಟಾರಿಗೆ ನಾಲ್ಕೇ ನಾಲ್ಕು ದಪ್ಪ ತಂತಿ ಬಿಗಿದು, ತಾನೇ ತಾಮ್ರದ ತಂತಿ ಸುತ್ತಿ, ಅದಕ್ಕೆ ಕರೆಂಟು ಕೊಟ್ಟಿದ್ದ. ಬಾರಿಸಿದರೆ ಅಂಗಡಿಯ ಗಾಜಿನ ಬೀರು ಗಡಗಡ ಅನ್ನುತ್ತಿತ್ತು. ಅವನ ಹತ್ತಿರ ರಿಪೇರಿಗೆ ಬಂದ ಒಂದು ರೇಡಿಯೊಗ್ರಾಮಿನೊಳಗೆ ಯಾರೋ ಮರೆತ ಹಾಡಿನ ತಟ್ಟೆಯೊಂದು ಸಿಕ್ಕಿತು. ಮೇಲಿನ ಚೀಟಿ ಅರ್ಧ ಹರಿದಿತ್ತು. ಉಳಿದಿದ್ದದ್ದು ಒಂದೇ ಪದ: ಫಂಕ್. ಹಾಡಿದವರು ಯಾರು, ಯಾವ ದೇಶದವರು, ಒಂದೂ ತಿಳಿಯಲಿಲ್ಲ. ಹಾಕಿ ಕೇಳಿದರೆ ಯಾರೋ ಜಗಳವಾಡುತ್ತ ಕುಣಿಯುತ್ತಿರುವ ಹಾಗಿತ್ತು. ಹಾಡು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ವಾದ್ಯ ಯಾವುದರ ಹಿಂದೆ ಓಡುತ್ತಿದೆ, ಶಿವ ಶಿವಾ, ನನಗಂತೂ ದಿಕ್ಕು ತೋಚಲಿಲ್ಲ. ಆದರೆ ಮತ್ತೆ ಹಾಕು, ಮತ್ತೆ ಹಾಕು ಎಂದು ಸಂಜೆಯವರೆಗೂ ಪೀಡಿಸಿದೆ.

ಮನೆಗೆ ಬಂದು ಅಪ್ಪನನ್ನು ಕೇಳಿದೆ, ಫಂಕ್ ಅಂದರೇನು ಎಂದು. ಅಪ್ಪ ಕನ್ನಡಕ ತೆಗೆಯದೆ, ‘ಪಂಕ ಅಂದರೆ ಕೆಸರು. ಪಂಕಜ ಅಂತೀವಲ್ಲ, ಕೆಸರಲ್ಲಿ ಹುಟ್ಟಿದ್ದು. ಇಷ್ಟೂ ಗೊತ್ತಿಲ್ಲದೆ ಸರ್ಕಾರಿ ಸಂಬಳ ತಗೋತೀಯ’ ಎಂದರು. ನೀರುಗಂಟಿ ಮತ್ತೆ ಕಚೇರಿಗೆ ಬಂದಾಗ ನಮ್ಮ ಜೊತೆ ಬಾರಿಸಲು ಕರೆದು ಇದನ್ನೂ ಹೇಳಿದೆ. ‘ಕೆಸ್ರು ಅಂದ್ರೆ ಗದ್ದೆ ಕೆಸ್ರಾ? ಅಂಗಾರೆ ನಮ್ದೇಯ ಬುಡಿ’ ಎಂದು ನಕ್ಕರು. ಅಲ್ಲಿಂದ ನಮ್ಮದು ಕೆಸರು ಸೆಟ್ಟು.

ಮಳವಳ್ಳಿಯ ಬ್ಯಾಂಡ್ ಸೆಟ್ಟಿನ ಅಣ್ಣತಮ್ಮ ಇಬ್ಬರು ಸೇರಿಕೊಂಡರು. ಅಣ್ಣನದು ಟ್ರಂಪೆಟ್ಟು, ತಮ್ಮನದು ಕ್ಲಾರಿಯೋನೆಟ್ಟು. ಭಾನುವಾರ ಮಧ್ಯಾಹ್ನ ರೇಡಿಯೊ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಅಭ್ಯಾಸ. ನೀರುಗಂಟಿ ಬಾಗಿಲ ಆಚೆ ಎರಡು ಹಿಡಿ ಒಣಹುಲ್ಲು ಹೊತ್ತಿಸಿ ತಮಟೆ ಕಾಯಿಸಿ, ಬಾಗಿಲ ಬಳಿಯೇ ಕೂತು ಬಾರಿಸುತ್ತಿದ್ದರು. ನಾವು ಜಾತಿಗೀತಿ ನೋಡುವವರಲ್ಲ ಎಂದು ನಮ್ಮ ಬೆನ್ನು ನಾವೇ ತಟ್ಟಿಕೊಂಡಿದ್ದೆವು. ಅವರು ಯಾಕೆ ಒಳಗೆ ಬಂದು ಕೂರುವುದಿಲ್ಲ ಎಂದು ಒಬ್ಬರಾದರೂ ಕೇಳಲಿಲ್ಲ. ತಮಟೆ ಮತ್ತೆ ಕಾಯಿಸಲು ಸುಲಭ ಎಂದಿರಬೇಕು ಅಂದುಕೊಂಡಿದ್ದೆ. ಅಂದುಕೊಳ್ಳುವುದಕ್ಕೇನು, ನಾಲಿಗೆಗೆ ಮೂಳೆ ಇಲ್ಲದಿದ್ದರೆ ಮನಸ್ಸಿಗೆ ಇರುತ್ತದೆಯೇ.

ಮೊದಲ ತಿಂಗಳು ಬರೀ ರಂಪ. ನಾನು ಹಾರ್ಮೋನಿಯಂನ ಕರಿ ಬಿಳಿ ಮನೆಗಳನ್ನು ಒತ್ತಿ ಹಿಡಿದರೆ ರೇಡಿಯೊ ಗೆಳೆಯ ಬಯ್ಯುತ್ತಿದ್ದ: ‘ಏನ್ಲಾ ಪುಳ್ಚಾರು, ಭಜ್ನೆ ಮಾಡ್ದಂಗೆ ಎಳೀತಿಯಲ್ಲ. ಕುಕ್ಲಾ, ಕೋಳಿ ಕಾಳ್ ಕುಕ್ದಂಗೆ ಕುಕ್ಕು!’ ನಾನು ಕುಕ್ಕಿದೆ. ಸೋಬಾನೆ ಪದದ ಒಂದು ಧಾಟಿಯನ್ನು ಟ್ರಂಪೆಟ್ಟು ಊದಬೇಕು, ಕೆಳಗೆ ಗಿಟಾರು ಗುಡುಗಬೇಕು, ನಡುವೆ ನಾನು ಕುಕ್ಕಬೇಕು. ಒಂದು ಭಾನುವಾರ ಅದು ಇನ್ನೇನು ಕೂಡಿಬರುತ್ತಿದೆ ಎನ್ನುವಾಗ ನೀರುಗಂಟಿ ಬಾಗಿಲಿಂದ ‘ಬುಡೀ!’ ಎಂದು ಕೂಗಿದರು.

ನಾನು ತಟ್ಟನೆ ಕೈ ಎತ್ತಿದೆ. ಬಿಡಿ ಎಂದರಲ್ಲ, ಬಿಟ್ಟೆ. ನನ್ನನ್ನು ನೋಡಿ ಅಣ್ಣತಮ್ಮ ಉಸಿರು ನಿಲ್ಲಿಸಿದರು. ಗೆಳೆಯ ಗಾಬರಿಯಿಂದ ತಂತಿ ಒತ್ತಿ ಹಿಡಿದ. ಕೊಟ್ಟಿಗೆಯೆಲ್ಲ ಗಪ್‌ಚುಪ್. ಆ ಖಾಲಿಯಲ್ಲಿ ತಮಟೆಯ ಏಟು ಒಂದೇ ಒಂದು ಬಿತ್ತು. ಅಯ್ಯೋ ತಪ್ಪಾಯಿತು ಎಂದು ನಾವು ನಾಲ್ವರೂ ಒಟ್ಟಿಗೇ ಮೇಲೆ ಬಿದ್ದೆವು. ಮೈ ಜುಮ್ ಎಂದಿತು. ಆ ತಟ್ಟೆಯಲ್ಲಿ ಇದ್ದದ್ದು, ತಿಂಗಳಿಂದ ನಮ್ಮ ಕೈಗೆ ಸಿಗದೆ ಸತಾಯಿಸಿದ್ದು, ಅದೇ.

‘ಯಾಕ್ ನಿಲ್ಸುದ್ರಿ ಅಯ್ನೋರೆ?’ ಎಂದರು ನೀರುಗಂಟಿ.

‘ಬಿಡಿ ಅಂದೆಯಲ್ಲ ನೀನು!’

‘ಅಯ್ಯೋ, ನಾಲೆಗ್ ನೀರ್ ಬುಡಿ ಅನ್ನಾಕಿಲ್ವಾ, ಅಂಗೆ ಬುಡಿ ಅಂದೆ. ಜೋರಾಗ್ ಬುಡಿ ಅಂತ!’

ನೀರಾವರಿ ಕಚೇರಿಯ ಗುಮಾಸ್ತನಿಗೆ ಈ ಅರ್ಥ ಹೊಳೆಯಲಿಲ್ಲ ನೋಡಿ! ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಮೇಲೆ ಆ ತಪ್ಪನ್ನೇ ಕಲಿತೆವು. ಅವರು ಬುಡಿ ಎಂದು ಕೂಗುವುದು, ನಾವು ನಿಲ್ಲುವುದು, ತಮಟೆಯ ಒಂಟಿ ಏಟು, ಮತ್ತೆ ಎಲ್ಲರೂ ಮೇಲೆ ಬೀಳುವುದು. ಎರಡು ವರ್ಷದಲ್ಲಿ ಈ ಸುತ್ತಿನಲ್ಲಿ ನಮಗೆ ಎಂಥ ಹೆಸರು ಬಂತೆಂದರೆ, ಚಪ್ಪರದಲ್ಲಿ ಕೂತ ಜನವೇ ಕಾದು ಕಾದು ‘ಬುಡ್ರಲಾ!’ ಎಂದು ಕೂಗುತ್ತಿದ್ದರು. ಹುಡುಗಿಯ ಕಡೆಯವರು ಮುಹೂರ್ತ ನಿಶ್ಚಯ ಮಾಡುವ ಮೊದಲು ಕೆಸರು ಸೆಟ್ಟು ಆ ದಿನ ಬಿಡುವಾಗಿದೆಯೇ ಎಂದು ಕೇಳಿಕೊಂಡು ಹೋದದ್ದೂ ಉಂಟು. ನನಗೆ ಕೊಂಬು ಬಂದಿತ್ತು. ಕಚೇರಿಯಲ್ಲಿ ಕೂಡ ತಲೆ ಅಲ್ಲಾಡಿಸುತ್ತ ಓಡಾಡುತ್ತಿದ್ದೆ.

ಆಗ ಕೊಕ್ಕರೆ ಬೆಳ್ಳೂರಿಗೆ ಹತ್ತಿರದ ಒಂದು ಊರಿನಿಂದ ಯಜಮಾನರೊಬ್ಬರು ರೇಡಿಯೊ ಅಂಗಡಿಗೆ ಬಂದರು. ಮಗಳ ಮದುವೆ. ನಮ್ಮನ್ನು ಮಳವಳ್ಳಿಯಲ್ಲಿ ಕೇಳಿದ್ದರಂತೆ. ‘ಆ ಬುಡಿ ಅಂತೀರಲ್ಲ, ಅದು ಬೇಕೇ ಬೇಕು ಕಣಪ್ಪ ನಮ್ಗೆ’ ಎಂದು ಎಲೆ ಅಡಿಕೆ ಕೊಟ್ಟು ಹೋದರು. ನಾನೂ ಅಲ್ಲಿದ್ದೆ, ಕಿವಿಯಾರೆ ಕೇಳಿದೆ. ಅದಕ್ಕೇ ಮುಂದೆ ಆದದ್ದು ನನಗೆ ಅರ್ಥವಾಗಲಿಲ್ಲ.

ಮದುವೆಯ ದಿನ ಹತ್ತು ಗಂಟೆಗೆ ಅಲ್ಲಿಗೆ ಹೋದೆವು. ಬೆಳ್ಳೂರಲ್ಲಿ ಜಾಗ ಸಾಲದ ಕೊಕ್ಕರೆಗಳು ಆ ಊರಿನಲ್ಲೂ ಎರಡು ಹುಣಸೆ ಮರ ಹಿಡಿದಿದ್ದವು. ಮರದ ಕೆಳಗೇ ಚಪ್ಪರ. ಚಪ್ಪರದ ತೆಂಗಿನ ಗರಿಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಹಿಕ್ಕೆ. ನೀರುಗಂಟಿ ಅಷ್ಟು ದೂರದಲ್ಲಿ ಹುಲ್ಲು ಹೊತ್ತಿಸಿ ತಮಟೆ ಕಾಯಿಸಿಕೊಂಡು ಬಂದರು. ನಾವು ಐವರೂ ಚಪ್ಪರದ ಬಾಗಿಲಿಗೆ ಬಂದಾಗ ಯಜಮಾನರು ಎದುರು ನಿಂತರು. ಅವರ ಹಿಂದೆ ಬೀಗರ ಕಡೆಯ ನಾಲ್ಕಾರು ಹಿರಿಯರು ಗಂಟುಮುಖ ಹಾಕಿಕೊಂಡಿದ್ದರು.

‘ತಮ್ಟೆ ಒಳಿಕ್ ಬ್ಯಾಡ’ ಎಂದರು ಯಜಮಾನರು. ‘ಕೊಕ್ರೆ ಮೊಟ್ಟೆ ಇಕ್ಕಿ ಕೂತವೆ. ತಮ್ಟೆ ಬಡುದ್ರೆ ಎದ್ದೋಯ್ತವೆ. ಅಕ್ಕಿ ಎದ್ದೋದ್ರೆ ಊರ್ಗೆ ಒಳ್ಳೇದಲ್ಲ.’

ಅವರು ಹೇಳಿದ್ದು ಹಕ್ಕಿ. ನನ್ನ ಕಣ್ಣಿಗೆ ಒಂದು ಗಳಿಗೆ ಮದುವೆಮನೆಯ ಅಕ್ಕಿ ಮೂಟೆ ಎದ್ದು ಹೊರಟಂತೆ ಕಂಡಿತು. ತಲೆ ಹಾಗಿತ್ತು ಅವತ್ತು. ಮೇಲೆ ನೋಡಿದೆ. ಮರದ ಕೊಂಬೆಗೇ ಕಟ್ಟಿದ ಎರಡು ಧ್ವನಿವರ್ಧಕಗಳು ಆಗಲೇ ಊರು ಹಾರುವಂತೆ ಅರಚುತ್ತಿದ್ದವು. ಕೊಕ್ಕರೆಗಳು ಕ್ಯಾರೇ ಎನ್ನದೆ ಕೂತಿದ್ದವು. ಇಷ್ಟು ಅರಚಿದರೂ ಏಳದ ಹಕ್ಕಿ ತಮಟೆಗೆ ಏಳುತ್ತದೆಯೇ ಎಂದು ಕೇಳಬೇಕಿತ್ತು. ಅಥವಾ ಅದು ನಿಜವೇ ಇರಬಹುದೇ? ಹಕ್ಕಿಗಳ ವಿಷಯ ಆ ಊರಿನವರಿಗೆ ಗೊತ್ತಿರುತ್ತದೆ, ಪೇಟೆಯವನಾದ ನನಗೇನು ಗೊತ್ತು? ಹೀಗೆ ನಾನು ಒಳಗೊಳಗೇ ವಾದ ಹೂಡಿಕೊಂಡು ನಿಂತಿರುವಾಗ ನನ್ನ ಹಿಂದಿನಿಂದ ನೀರುಗಂಟಿ ಒಂದೇ ಮಾತು ಅಂದರು.

‘ಬುಡಿ.’

ಜೋರಾಗಿ ಅಲ್ಲ, ಮೆಲ್ಲಗೆ. ನಾನು ‘ಸರಿ’ ಎಂದೆ. ಹೋಗಲಿ ಬಿಡಿ, ಗಲಾಟೆ ಬೇಡ, ನೀವು ಬಾರಿಸಿ ಎಂದು ಅವರು ಹೇಳಿದ್ದಾರೆ ಎಂದುಕೊಂಡು, ‘ಆಯಿತು ಬಿಡಿ, ಹಾಗೇ ಮಾಡೋಣ’ ಎಂದು ಯಜಮಾನರಿಗೂ ಹೇಳಿ, ಹಾರ್ಮೋನಿಯಂ ಎತ್ತಿಕೊಂಡು ಒಳಗೆ ನಡೆದೆ. ಉಳಿದವರು ನನ್ನ ಹಿಂದೆ ಬಂದರು. ಮನಸ್ಸಿಗೆ ಹಾಯ್ ಎನಿಸಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಾರಿಸಿದೆವು. ಕೆಟ್ಟದಾಗಿ ಬಾರಿಸಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಚೆನ್ನಾಗಿಯೇ ಆಯಿತು. ಜನವೇ ‘ಬುಡ್ರಲಾ’ ಎಂದು ಕೂಗಿದರು, ನಾವು ನಿಂತೆವು, ಆ ಖಾಲಿಯಲ್ಲಿ ಏನೂ ಬೀಳಲಿಲ್ಲ. ಮೇಲೆ ಕೊಕ್ಕರೆಗಳ ಕೊಕ್ಕಿನ ಟಕಟಕ ಮಾತ್ರ ಕೇಳಿಸಿತು. ಅದೂ ನಮ್ಮ ಕಸುಬೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಊಟ ಮುಗಿಸಿ ಆಚೆ ಬಂದಾಗ ನೀರುಗಂಟಿ ಇರಲಿಲ್ಲ. ಹುಲ್ಲು ಉರಿಸಿದ ಬೂದಿ ಇತ್ತು. ಅವರು ಆಗಲೇ ಬಸ್ಸು ಹಿಡಿದು ಹೋದರು ಎಂದು ಗಾಡಿಯವನೊಬ್ಬ ಹೇಳಿದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ತಲೆ ಕೆಡುವುದು. ಬುಡಿ ಎಂದರಲ್ಲ, ಏನು ಎಂದರು? ರೇಡಿಯೊ ಗೆಳೆಯ, ‘ಓಗ್ಲಿ ಬುಡಿ ಅಂದವ್ನೆ ಕಣ್ಲಾ. ದೊಡ್ಮನ್ಸ. ನೀನ್ಯಾಕ್ ಎದೆಗ್ ಆಕ್ಕೊಂಡಿದ್ದೀಯ?’ ಎಂದ. ಟ್ರಂಪೆಟ್ಟಿನ ಅಣ್ಣ ತಲೆ ಅಲ್ಲಾಡಿಸಿದ. ‘ಅಲ್ಲ ಸಾಮಿ, ಕಾಯ್ಸಿದ್ ತಮ್ಟೆ ಕೈಯಾಗಿತ್ತು. ದಿನಾ ಬುಡಿ ಅಂದ್ರೆ ಏನು? ಬಾರ್ಸಿ ಅಂತ ತಾನೆ? ಬಾಗ್ಲಲ್ಲೇ ಶುರು ಅಚ್ಕಳಿ ಅಂತ ಅಂದಿರದು. ನಾವ್ ಆಚೇನೆ ನಿಂತ್ಕಂಡ್ ಬಾರುಸ್ಬೇಕಿತ್ತು’ ಎಂದ. ಅವನ ತಮ್ಮ ಹೇಳಿದ್ದು ಇನ್ನೊಂದು: ‘ಈ ಮನೆ ಸವಾಸನೇ ಬುಡಿ, ಎದ್ದೋಗವ ಅಂತ ಸಿಟ್ನಲ್ಲಿ ಅಂದಿದ್ದು.’ ಮೂರೂ ಸರಿ ಎನ್ನಿಸುತ್ತಿತ್ತು. ಬೆಳಿಗ್ಗೆ ಒಂದು ಸರಿ ಎನ್ನಿಸಿದರೆ ಮಧ್ಯಾಹ್ನ ಇನ್ನೊಂದು. ಕಚೇರಿಯಲ್ಲಿ ‘ನೀರು ಬಿಡಿ’ ಎಂಬ ಕಾಗದ ಬಂದರೆ ಅದನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದೆ. ನಾನು ಅವರನ್ನು ಬಿಟ್ಟೆನೋ, ಅವರೇ ನಮ್ಮನ್ನು ಬಿಟ್ಟರೋ? ಇದೊಂದು ಗೊತ್ತಾಗಬೇಕಿತ್ತು ನನಗೆ. ಅವರೇ ಬಿಟ್ಟದ್ದಾದರೆ ನನ್ನ ಮೇಲೆ ಏನೂ ಇಲ್ಲ. ನಾನು ಬಿಟ್ಟದ್ದಾದರೆ ಈ ಹೆಸರು, ಈ ಚಪ್ಪಾಳೆ ಎಲ್ಲ ಕದ್ದ ಮಾಲು.

ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಹೋದೆ ಮಾರಾಯರೇ. ಒಂದು ಶನಿವಾರ ಕಚೇರಿ ಮುಗಿಸಿ ಬಸ್ಸು ಹತ್ತಿ ಕಿರುಗಾವಲಿನಲ್ಲಿ ಇಳಿದೆ. ಹೋಟೆಲಿನಲ್ಲಿ ಕಾಫಿ ಕುಡಿದೆ. ಅವರ ಹಳ್ಳಿಗೆ ಅಲ್ಲಿಂದ ಅರ್ಧ ಗಂಟೆ ನಡಿಗೆ. ಅವರ ಕೇರಿ ಎಲ್ಲಿ ಎಂದು ಯಾರನ್ನಾದರೂ ಕೇಳಬೇಕು. ಜನಿವಾರ ಹಾಕಿಕೊಂಡವನು ಆ ಕೇರಿಗೆ ದಾರಿ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಬಾಯಿ ಬರಲಿಲ್ಲ. ಇನ್ನೊಂದು ಕಾಫಿ ಕುಡಿದು, ಅದೇ ಬಸ್ಸು ವಾಪಸು ಬಂದಾಗ ಹತ್ತಿ ಮನೆಗೆ ಬಂದೆ. ನಾಚಿಕೆಯಾಗುತ್ತದೆ ಇದನ್ನು ಬರೆಯಲು.

ಸೆಟ್ಟು ನಿಲ್ಲಲಿಲ್ಲ. ಮಂಡ್ಯದ ಒಬ್ಬ ಡ್ರಮ್ಮು ಬಾರಿಸುವವನನ್ನು ಸೇರಿಸಿಕೊಂಡೆವು. ಇನ್ನೂ ಎರಡು ವರ್ಷ ಓಡಿತು. ನಿಜ ಹೇಳಬೇಕೆಂದರೆ ನಮಗೆ ಹೆಚ್ಚು ಹೆಸರು ಬಂದದ್ದು ಆಮೇಲೆಯೇ. ಬೇರೆ ಆರ್ಕೆಸ್ಟ್ರಾಗಳೂ ನಮ್ಮ ಖಾಲಿ ಏಟನ್ನು ಎತ್ತಿಕೊಂಡರು. ಹಾಡು ಯಾವುದಾದರೂ ಇರಲಿ, ನಡುವೆ ಒಂದು ಕಡೆ ಎಲ್ಲರೂ ಗಪ್ ಎನ್ನುವುದು, ಮತ್ತೆ ಒಟ್ಟಿಗೇ ಎರಗುವುದು. ಆ ಖಾಲಿಯೊಳಗೆ ಒಂದು ತಮಟೆ ಏಟು ಇರಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಲ್ಲದ್ದನ್ನೇ ಕಲಿತರು. ಕೊನೆಗೆ ಗೆಳೆಯನಿಗೆ ಅಂಗಡಿ ದೊಡ್ಡದಾಯಿತು, ಅಣ್ಣತಮ್ಮ ಹಳೆಯ ಬ್ಯಾಂಡಿಗೆ ಮರಳಿದರು, ನನಗೆ ಮದುವೆಯಾಯಿತು. ಕೆಸರು ಒಣಗಿತು ಎಂದು ಅಪ್ಪ ನಕ್ಕರು.

ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಎಂಜಿನಿಯರ ಜೊತೆ ನಾಲೆ ನೋಡಲು ಕಿರುಗಾವಲಿನ ಕಡೆಗೆ ಹೋಗಬೇಕಾಯಿತು. ಎಂಜಿನಿಯರು ನಾಲೆಯ ಏರಿ ಒಡೆದ ಜಾಗ ನೋಡಲು ಮುಂದೆ ಹೋದರು. ನಾನು ಕಾಗದಪತ್ರ ಹಿಡಿದು ಹೊಂಗೆ ಮರದ ನೆರಳಲ್ಲಿ ಕೂತೆ. ತೂಬಿನ ಹತ್ತಿರ ಬಗ್ಗಿದ್ದ ಒಬ್ಬರು ಎದ್ದು ನಿಂತು ಇತ್ತ ತಿರುಗಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

‘ಏನ್ ಅಯ್ನೋರೆ, ಇಷ್ಟ್ ದಪ್ಪ ಆಗ್ಬುಟ್ಟಿದ್ದೀರಿ!’ ಎಂದು ನಕ್ಕರು. ಆ ನಗೆಯಲ್ಲಿ ಏನೂ ಇರಲಿಲ್ಲ, ಬರೀ ನಗೆ.

ಕ್ಷೇಮ ಸಮಾಚಾರ ಆಯಿತು. ಮಗಳಿಗೆ ಮದುವೆ ಮಾಡಿದರಂತೆ. ತಮಟೆ ಈಗಲೂ ಬಾರಿಸುತ್ತೀಯಾ ಎಂದೆ. ‘ನಮ್ಮೂರಲ್ಲಿ ಬಾರುಸ್ತೀನಿ’ ಎಂದರು. ಇನ್ನು ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ: ‘ಅವತ್ತು ಆ ಮದುವೆಮನೆ ಬಾಗಿಲಲ್ಲಿ ಬುಡಿ ಅಂದೆಯಲ್ಲ. ಏನು ಅಂತ ಅಂದೆ? ಹೋಗಲಿ ಬಿಡಿ ಅಂತಲೋ, ಬಾರಿಸಿ ಅಂತಲೋ, ಇವರ ಸಹವಾಸವೇ ಬಿಡಿ ಅಂತಲೋ? ನಾನು ಏನು ಅಂತ ತಿಳ್ಕೋಬೇಕಿತ್ತು?’

ಅವರು ಕೈಗೆ ಅಂಟಿದ್ದ ಕೆಸರನ್ನು ಒರೆಸಿಕೊಂಡರು. ನೆನಪಿಲ್ಲವೇನೋ ಎಂದುಕೊಂಡೆ. ನೆನಪಿತ್ತು.

‘ನೀವ್ಯಾಕ್ ತಿಳ್ಕಬೇಕು? ನಿಮ್ಗೇನೂ ಅನ್ನಲಿಲ್ವಲ್ಲ ನಾನು’ ಎಂದರು. ‘ಯಜಮಾನ್ರಿಗ್ ಅಂದಿದ್ದು. ಒಳಿಕ್ ಬುಡಿ ಬುದ್ಧಿ ಅಂತ ಕೇಳ್ಕಳನ ಅಂತಿದ್ದೆ. ಬುಡಿ ಅಂದೆ, ಬುದ್ಧಿ ಅನ್ನಕ್ ಮುಂಚೆ ನೀವು ಸರಿ ಅಂದ್ಬುಟ್ರಿ.’

‘ಬುದ್ಧಿ’ ಎಂದು ಅವರು ಕರೆಯುತ್ತಿದ್ದದ್ದು ಊರ ಯಜಮಾನರನ್ನು; ನನ್ನನ್ನು ಕರೆಯುತ್ತಿದ್ದದ್ದು ‘ಅಯ್ನೋರೆ’ ಎಂದು. ಅಷ್ಟು ವರ್ಷ ಆ ಮಾತಿಗೆ ನೂರು ಅರ್ಥ ಹುಡುಕಿದ್ದೆ. ಅದನ್ನು ಯಾರಿಗೆ ಹೇಳಿದರು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

‘ಅವರು ಒಳಗೆ ಬಿಡ್ತಿದ್ರಾ?’ ಎಂದು ಕೊನೆಗೆ ಕೇಳಿದೆ.

‘ಅದ್ಯಂಗೇಳನ ಅಯ್ನೋರೆ? ನನ್ ಮಕವ ನೋಡ್ಕಂಡು ಏನೋ ಏಳಾಕೆ ಅಂತ ಬಾಯ್ ತೆಗ್ದಿದ್ರು. ನೀವ್ ಸರಿ ಅಂದ್ ಮ್ಯಾಲೆ ಮುಚ್ಕಂಡ್ರು.’

ಇಷ್ಟು ಹೇಳಿ ಅವರು ತೂಬಿನ ಕಡೆಗೆ ಹೋದರು. ಆ ಯಜಮಾನರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರು ಏನು ಹೇಳಲು ಬಾಯಿ ತೆರೆದಿದ್ದರು ಎಂದು ನಾನು ಇನ್ನು ಯಾರನ್ನು ಕೇಳಲಿ?